ಬಿಳಿ ಅಂಗೈಗಳು

ನಮ್ಮೂರು ಕಡಲಿಗಿಂತ ತಗ್ಗಿನಲ್ಲಿದೆ. ಮೊದಲು ಇದನ್ನು ತಲೆಗೆ ಹಾಕಿಕೊಳ್ಳಿ, ಉಳಿದದ್ದು ಆಮೇಲೆ. ಇಂಥಾ ಕಡೆ ಊರು ಕಟ್ಟಿದ ಪುಣ್ಯಾತ್ಮರ ಬುದ್ಧಿಗೆ ಏನು ಹೇಳಲಿ! ಅವರು ಕಟ್ಟಿದ್ದಾಯಿತು, ನಾವು ಹುಟ್ಟಿದ್ದಾಯಿತು. ಊರಿಗೂ ಕಡಲಿಗೂ ನಡುವೆ ಇರುವುದು ಒಂದು ಬಾಗಿಲು. ಒಂದೇ ಬಾಗಿಲು, ಒಂದೇ ಹಗ್ಗ, ಹಗ್ಗಕ್ಕೆ ನಲವತ್ತು ಜನ. ಉಬ್ಬರ ಬರುವ ಹೊತ್ತಿಗೆ ನಲವತ್ತು ಜನ ಜಗ್ಗಿದರೆ, ಕಡಲು ಒಳಗೆ ಬರುವ ಹಳ್ಳದ ತಳದಲ್ಲಿ ಮಲಗಿದ ಬಾಗಿಲು ಎದ್ದು ನಿಲ್ಲುತ್ತದೆ. ಬಾಗಿಲು ನಿಂತರೆ ಕಡಲು ಹೊರಗೆ. ಆಮೇಲೆ ಹಗ್ಗವನ್ನು ಕಲ್ಲುಕಂಬಕ್ಕೆ ಸುತ್ತಿ ಬಿಗಿಯುತ್ತೇವೆ, ಇಳಿತ ಬಂದಾಗ ಬಿಡುತ್ತೇವೆ. ದಿನಕ್ಕೆ ಎರಡು ಸಲ. ಹಬ್ಬ ಇರಲಿ, ಹೆಣ ಇರಲಿ, ಎರಡು ಸಲ.

ಎಂದೋ ಒಮ್ಮೆ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಜಗ್ಗಿ, ಬಾಗಿಲು ಓರೆಯಾಗಿ ಸಿಕ್ಕಿಕೊಂಡು, ಅರ್ಧ ಊರು ಕೊಚ್ಚಿಹೋಗಿತ್ತಂತೆ. ಅಂದಿನಿಂದ ಕಟ್ಟಳೆ. ಹಗ್ಗದ ಬಳಿ ಒಬ್ಬನೇ ಬಾಯಿ ತೆಗೆಯಬೇಕು. ಅವನು 'ಐಸಾ' ಅಂದಾಗ ಜಗ್ಗಬೇಕು, ಅನ್ನದಿದ್ದರೆ ನಿಲ್ಲಬೇಕು. ನಿಂತ ಜಾಗ ಬಿಡಬಾರದು, ಹಿಡಿದ ಜಾಗ ಬದಲಿಸಬಾರದು. ಆ ಒಬ್ಬನೇ ಕೂಗುವವನು. ಕೂಗುವವನೇ ಊರಿಗೆ ದೊಡ್ಡವನು. ಅವನು ನಿಲ್ಲುವುದು ಕೂಗುಗಲ್ಲಿನ ಮೇಲೆ, ಹಗ್ಗದಿಂದ ಮೂರು ಹೆಜ್ಜೆ ದೂರ.

ಇನ್ನೊಂದು ಕಟ್ಟಳೆ ಇದೆ, ಅದನ್ನು ಹೇಳುವಾಗಲೇ ನನಗೆ ಮೈ ಉರಿಯುತ್ತದೆ. ಕೂಗುವವನ ಕೈ ಹಗ್ಗಕ್ಕೆ ತಾಕಬಾರದು. ಜಗ್ಗುವವನಿಗೆ ಕೂಗಲು ಉಸಿರು ಸಾಲದು ಅಂತ ಹಿರಿಯರ ಲೆಕ್ಕ. ಹಾಗಾಗಿ ಪ್ರತಿ ಉಬ್ಬರಕ್ಕೂ ಮೊದಲು ಬಟ್ಟಲಲ್ಲಿ ಬಿಳಿ ಜೇಡಿಮಣ್ಣು ಕಲಸಿ ತಂದು, ಎಲ್ಲರ ಎದುರು ಅವನ ಎರಡೂ ಅಂಗೈಗೆ ಬಳಿಯುತ್ತಿದ್ದರು. ಬಾಗಿಲು ನಿಂತ ಮೇಲೆ ಅವನು ಒಣಗಿದ ಅಂಗೈ ಎತ್ತಿ ತೋರಿಸಬೇಕು. ಮಣ್ಣು ಬಿರುಕು ಬಿಟ್ಟಿರಬಾರದು. ತೋರಿಸಿ ಹೇಳಬೇಕು: "ನನ್ನ ಕೈ ತಾಕಿಲ್ಲ. ನಿಮ್ಮ ಕೈಯೇ ಮಾಡಿತು." ನಾವು ನಲವತ್ತು ಜನ ಹೇಳಬೇಕು: "ನಮ್ಮ ಕೈಯೇ ಮಾಡಿತು." ಆಹಾ, ಎಷ್ಟು ಚೆಂದದ ಮಾತು ಅನ್ನಿಸುತ್ತಿತ್ತು ಆಗ.

ನಮ್ಮೂರಲ್ಲಿ ಹೆಸರಿಲ್ಲ, ಹಗ್ಗದ ಜಾಗವೇ ಹೆಸರು. ನಾನು ನಾಲ್ಕನೆಯವಳು. ನನ್ನ ಹಿಂದೆ ನನ್ನ ಗಂಡ, ಐದನೆಯವನು. ಹಗ್ಗ ಕಂಬಕ್ಕೆ ಸುತ್ತುವಾಗ ಕಲ್ಲಿನ ಅಂಚಿಗೆ ಕೂರುತ್ತಿದ್ದದ್ದು ನನ್ನ ಎರಡು ಕೈಗಳ ನಡುವಿನ ಗೇಣುದ್ದದ ಜಾಗ. ದಿನಾ ಅದೇ ಜಾಗ, ದಿನಾ ಅದೇ ಕಲ್ಲು. ಉಜ್ಜಿ ಉಜ್ಜಿ ಅಲ್ಲಿ ಒಂದು ಎಳೆ ಬಿಟ್ಟಿತು. ಆಮೇಲೆ ಇನ್ನೊಂದು.

ಆಗ ಕೂಗುಗಲ್ಲಿನ ಮೇಲೆ ಇದ್ದವನು ಗದರುವವನು. ಅವನ 'ಐಸಾ' ಕೇಳಿದರೆ ಮನೆಯೊಳಗಿನ ಮಕ್ಕಳೂ ಮಂಚದಡಿ ಸೇರುತ್ತಿದ್ದವು. ಬಾಗಿಲು ನಿಂತ ಮೇಲೆ ಅವನು ಕಲ್ಲಿಂದ ಇಳಿದು, ಬಿಳಿ ಕೈ ಹಿಂದಕ್ಕೆ ಕಟ್ಟಿಕೊಂಡು, ನಮ್ಮ ಅಂಗೈ ನೋಡುತ್ತಾ ಬರುತ್ತಿದ್ದ. ಒಬ್ಬೊಬ್ಬರದಾಗಿ ನಲವತ್ತು ಜನರದ್ದು. ಯಾರ ಅಂಗೈ ಕೆಂಪಾಗಿಲ್ಲವೋ ಅವರು ಮೈಗಳ್ಳರು. ಮೈಗಳ್ಳರಿಗೆ ಶಿಕ್ಷೆಯ ಕಂಬ. ಅದು ಬಾಗಿಲಿನ ಆಚೆ, ಕಡಲಿನ ಕಡೆಗಿತ್ತು. ಅಲ್ಲಿ ಕಟ್ಟಿ ಒಂದು ಉಬ್ಬರ ನಿಲ್ಲಿಸುತ್ತಿದ್ದರು. ನೀರು ಕುತ್ತಿಗೆವರೆಗೆ ಬಂದು ಇಳಿಯುತ್ತಿತ್ತು. ಗಿಡ್ಡಗಿದ್ದವರ ಪಾಡು ನೀವೇ ಯೋಚನೆ ಮಾಡಿ.

ಸುಳ್ಳು ಯಾಕೆ ಹೇಳಲಿ, ಅವನ ಕಾಲದಲ್ಲಿ ಬಾಗಿಲು ಒಂದು ದಿನವೂ ತಪ್ಪಲಿಲ್ಲ. ಇವತ್ತಿಗೂ ಜನ ಅದನ್ನೇ ಹೇಳುತ್ತಾರೆ. "ಅವನ ಕಾಲದಲ್ಲಿ ಶಿಸ್ತಿತ್ತು ನೋಡಿ." ಇತ್ತು, ಯಾರು ಇಲ್ಲ ಅಂದರು? ಆದರೆ ಅದೇ ಶಿಸ್ತಿನ ಜನ ಮನೆಯಲ್ಲಿ ಒಂದೊಂದು ಇಟ್ಟಿಗೆ ಇಟ್ಟುಕೊಂಡಿದ್ದರು. ಹಗ್ಗಕ್ಕೆ ಹೋಗುವ ಮುಂಚೆ ಅಂಗೈಯನ್ನು ಇಟ್ಟಿಗೆಗೆ ಉಜ್ಜುವುದು. ಚರ್ಮ ಕೆಂಪಾಗುವವರೆಗೆ ಉಜ್ಜುವುದು. ಜಗ್ಗಿ ಸುಸ್ತಾಗುವುದಕ್ಕಿಂತ ಉಜ್ಜಿ ಸುಸ್ತಾಗುವವರೇ ಹೆಚ್ಚಾದರು. ನಾನೂ ಉಜ್ಜಿದ್ದೇನೆ. ಎಂಟು ವರ್ಷ ಉಜ್ಜಿದ್ದೇನೆ.

ನನ್ನ ಗಂಡ ಉಜ್ಜುತ್ತಿರಲಿಲ್ಲ. ಒಂದು ದಿನ ಬಾಗಿಲು ನಿಂತು, ಗದರುವವನು ಅಂಗೈ ನೋಡುತ್ತಾ ನಮ್ಮ ಹತ್ತಿರ ಬಂದಾಗ, ಇವರು ಬಾಯಿ ಬಿಟ್ಟರು.

"ಯಜಮಾನ್ರೇ, ನಾಲ್ಕನೆಯ ಜಾಗದಲ್ಲಿ ಹಗ್ಗ ಸವೆದಿದೆ. ಎರಡು ಎಳೆ ಹೋಗಿದೆ. ಒಂದ್ಸಲ ನೀವೇ ಮುಟ್ಟಿ ನೋಡಿ."

ಹಗ್ಗದ ಬಳಿ ಕೂಗುವವನಲ್ಲದೆ ಬೇರೊಬ್ಬ ಮಾತಾಡಿದ್ದ. ಅದೂ ಏನು ಮಾತು, ಮುಟ್ಟಿ ನೋಡಿ ಅಂತ!

ಗದರುವವನು ನನ್ನ ಕಡೆ ತಿರುಗಿದ. "ಏನಮ್ಮಾ ನಾಲ್ಕನೆಯವಳೇ, ಹಗ್ಗ ಹಿಡಿಯೋಳು ನೀನು. ಸವೆದಿದೆಯಾ?"

ನನ್ನ ಎರಡು ಕೈಗಳ ನಡುವೆ ಆ ಎಳೆಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ನಾನು ಅವನ್ನು ಅಂಗೈಯಿಂದ ಮುಚ್ಚಿಕೊಂಡೆ.

"ಇಲ್ಲ ಯಜಮಾನ್ರೇ," ಅಂದೆ.

ಇವರನ್ನು ಅವತ್ತೇ ಶಿಕ್ಷೆಯ ಕಂಬಕ್ಕೆ ಕಟ್ಟಿದರು. ಅಂದು ಹುಣ್ಣಿಮೆಯ ಉಬ್ಬರ, ನೀರು ಕುತ್ತಿಗೆಗೆ ನಿಲ್ಲಲಿಲ್ಲ. ಐದನೆಯ ಜಾಗಕ್ಕೆ ಬೇರೊಬ್ಬ ಬಂದ. ಬಾಗಿಲಿನ ಈಚೆ ನಾನು ಹಗ್ಗ ಹಿಡಿದು ನಿಂತಿದ್ದೆ, ಜಗ್ಗಿದ್ದೆ, ಬಾಗಿಲು ಎತ್ತಿ ಕಡಲನ್ನು ಆಚೆ ನಿಲ್ಲಿಸಿದ್ದೆ, ಇವರಿದ್ದ ಕಡೆಗೆ. ಆಮೇಲೆ ಬಿಳಿ ಅಂಗೈ ಮೇಲೆದ್ದಿತು. "ನನ್ನ ಕೈ ತಾಕಿಲ್ಲ. ನಿಮ್ಮ ಕೈಯೇ ಮಾಡಿತು." ನಾನೂ ಎಲ್ಲರ ಜೊತೆ ಹೇಳಿದೆ, "ನಮ್ಮ ಕೈಯೇ ಮಾಡಿತು." ಹೇಳಿದ ಈ ನಾಲಿಗೆಯನ್ನು ಏನು ಮಾಡಲಿ ಹೇಳಿ.

ಗದರುವವನನ್ನು ಯಾರೂ ಕೆಳಗಿಳಿಸಲಿಲ್ಲ. ಅಷ್ಟು ಗಂಡಸುತನ ನಮ್ಮೂರಲ್ಲಿ ಗಂಡಸರಿಗೂ ಇಲ್ಲ, ಹೆಂಗಸರಿಗೂ ಇಲ್ಲ. ಗದರಿ ಗದರಿ ಒಂದು ಬೆಳಿಗ್ಗೆ ಅವನ ಗಂಟಲೇ ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಕೂಗದವನಿಗೆ ಕೂಗುಗಲ್ಲು ಯಾಕೆ? ಅವನು ಇಳಿದು ಮೇಲಿನ ಕೇರಿಯ ತುದಿಯ ಮನೆ ಸೇರಿಕೊಂಡ. ನೆನ್ನೆವರೆಗೆ ನಡುಗುತ್ತಿದ್ದವರು ಇವತ್ತು ಅವನ ಬಾಗಿಲ ಮುಂದೆ ಕೆಮ್ಮಿ ನಕ್ಕರು. ಹೆದರಿಕೆಯ ಆಯುಸ್ಸು ಅಷ್ಟೇ, ಗಂಟಲು ಇರುವವರೆಗೆ.

ಅವನ ಜಾಗಕ್ಕೆ ಹಾಡುವವನು ಬಂದ.

ಅಯ್ಯೋ, ಅವನ ದನಿಯೇ! ಮೊದಲ ದಿನ ಅವನು ಮಾಡಿದ ಕೆಲಸವೆಂದರೆ ಆ ಶಿಕ್ಷೆಯ ಕಂಬವನ್ನು ಕೀಳಿಸಿದ್ದು. ಅದರ ಗುಳಿಯಲ್ಲಿ ಒಂದು ಹೂವಿನ ಗಿಡ ನೆಡಿಸಿದ. ಉಪ್ಪುನೀರಿಗೆ ಅದು ಮೂರೇ ದಿನಕ್ಕೆ ಸತ್ತಿತು ಅನ್ನುವುದು ಬೇರೆ ಮಾತು. ಕಲ್ಲಿನ ಮೇಲೆ ನಿಂತು ಅವನು ಹೇಳಿದ: "ನನ್ನ ಬಂಧುಗಳೇ, ನೀವು ಆಳುಗಳಲ್ಲ. ನೀವೇ ಬಾಗಿಲು. ನಿಮ್ಮ ಎದೆಯನ್ನು ದಾಟಿ ಬರೋ ಕಡಲು ಇನ್ನೂ ಹುಟ್ಟಿಲ್ಲ." ನಲವತ್ತು ಜನರೂ ಅತ್ತರು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಗಂಡನನ್ನು ಕಳೆದುಕೊಂಡ ಮೇಲೆ ಅಷ್ಟು ಹಗುರಾಗಿ ಹಗ್ಗ ಹಿಡಿದದ್ದು ಅದೇ ಮೊದಲು. ಅವನು ಒಂದು ಸಾಲು ಹಾಡಿ 'ಐಸಾ' ಅಂದರೆ ತೋಳು ತಾನಾಗಿ ಹಿಂದಕ್ಕೆ ಬರುತ್ತಿತ್ತು. ಮನೆಯ ಇಟ್ಟಿಗೆಗಳನ್ನೆಲ್ಲ ತಿಪ್ಪೆಗೆ ಎಸೆದೆವು.

ಆದರೆ ಕೂಗು ಮುಗಿದ ಮೇಲೆ ಹಗ್ಗ ಮಾತ್ರ ಅದೇ ಕಲ್ಲಿನ ಅಂಚಿಗೇ ಹೋಗಿ ಕೂರುತ್ತಿತ್ತು. ಹಾಡು ಕೇಳಿ ಕಲ್ಲೇನು ಮೆತ್ತಗಾಗಲಿಲ್ಲ. ಎರಡು ಎಳೆ ಹೋಗಿದ್ದದ್ದು ಐದಾಯಿತು, ಐದು ಒಂಬತ್ತಾಯಿತು.

ಈ ಸಲ ನಾನೇ ಹೋದೆ. ಹೆದರಿಕೆ ಹೋಗಿತ್ತಲ್ಲ! ಅವನ ಮನೆಯ ಜಗಲಿಯಲ್ಲಿ ಕೂತು, ಗಂಡನ ಕತೆಯಿಂದ ಹಿಡಿದು ಎಲ್ಲ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು, ನಟನೆಯಲ್ಲ. ಅದೇ ನೋಡಿ ಮೋಸ.

"ಅಕ್ಕಾ," ಅಂದ, "ನಿಮ್ಮ ನೋವು ನನ್ನ ನೋವು. ಆ ಜಾಗ ಪವಿತ್ರವಾದದ್ದು."

"ಪವಿತ್ರ ಗಿವಿತ್ರ ಬೇಡಪ್ಪಾ. ಹೊಸ ನಾರು ತಂದು ಹೊಸೆಸು, ಸಾಕು. ನಾಳೆ ಒಂದ್ಸಲ ಬಂದು ಕೈಯಿಟ್ಟು ನೋಡು."

ಅವನು ನಕ್ಕ. "ಕೂಗುವವನ ಕೈ ತಾಕಬಾರದಲ್ಲ ಅಕ್ಕಾ."

ಮಾರನೆಯ ದಿನ ಕಲ್ಲಿನ ಮೇಲೆ ನಿಂತು ಅವನು ನನ್ನ ಗಂಡನನ್ನು ಕೊಂಡಾಡಿದ. ಊರೆಲ್ಲ ಅತ್ತಿತು. ಕೊನೆಗೆ ಆ ಸವೆದ ಜಾಗಕ್ಕೆ ಒಂದು ಚೆಂಡುಹೂವಿನ ಮಾಲೆ ಸುತ್ತಿಸಿದ. ಗೇಣುದ್ದದ ಜಾಗ, ಹಳದಿ ಹೂವಿನಲ್ಲಿ ಮುಚ್ಚಿಹೋಯಿತು. ಕಟ್ಟಿದವಳು ಯಾರು ಗೊತ್ತಾ? ನನ್ನ ಮಗಳು. ತನ್ನ ಅಪ್ಪನ ನೆನಪಿನ ಮಾಲೆ ಅಂತ ಪ್ರತಿದಿನ ಹೊಸದು ಕಟ್ಟಿ ತರುತ್ತಿದ್ದಳು, ತುಂಬಿದ ಬಸುರಿ. ಒಮ್ಮೆ ಅವನು ಹೆದರಿಸಿ ಮುಚ್ಚಿದ, ಒಮ್ಮೆ ಇವನು ಹಾಡಿ ಮುಚ್ಚಿದ. ಅವನ ಕಾಲದಲ್ಲಿ ನನ್ನ ಅಂಗೈ, ಇವನ ಕಾಲದಲ್ಲಿ ನನ್ನ ಮಗಳ ಹೂವು.

ಮಗಳು ಇದ್ದದ್ದು ತಗ್ಗಿನ ಕೇರಿಯಲ್ಲಿ. ಬಾಗಿಲು ಬಿದ್ದರೆ ಮೊದಲು ಮುಳುಗುವ ಕೇರಿ. ಹೆಣ್ಣುಮಗು ಹುಟ್ಟಿ ಹನ್ನೊಂದನೆಯ ದಿನ ನಾನು ಹೋಗಿ ಕೂತೆ. ಎರಡು ದಿನಕ್ಕೆ ಅಮಾವಾಸ್ಯೆಯ ಉಬ್ಬರ ಇತ್ತು.

"ಎರಡು ದಿನ ನನ್ನ ಮನೆಗೆ ಬಂದಿರು ಕಣೇ, ಮೇಲಿನ ಕೇರಿಗೆ. ಉಬ್ಬರ ಇಳಿದ ಮೇಲೆ ಬಂದ್ಬಿಡು."

"ಯಾಕಮ್ಮಾ?"

"ಹಗ್ಗ ತಡೆಯಲ್ಲ."

ಮಗಳು ಮಗುವನ್ನು ಈ ತೋಳಿಂದ ಆ ತೋಳಿಗೆ ಬದಲಿಸಿದಳು. "ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ವಾ? ಬಾಣಂತಿ ಮುಂದೆ ಇದೇನಾ ಆಡೋ ಮಾತು? ಕೇರಿಯೋರೆಲ್ಲ ನಿನ್ನ ಏನಂತಾರೆ ಗೊತ್ತಾ, ನಂಬಿಕೆ ಇಲ್ಲದೋಳು ಅಂತಾರೆ. ನಂಗೆ ತಲೆ ಎತ್ತಿ ತಿರುಗೋಕಾಗ್ತಿಲ್ಲ."

"ನಂಬಿಕೆ ತಗೊಂಡು ಹಗ್ಗ ಹೊಸೀತೀಯಾ? ನಿಮ್ಮಪ್ಪ ಇದೇ ಮಾತು ಹೇಳಿ ಸತ್ತರು!"

"ಅಪ್ಪ ಹೇಳ್ದಾಗ ಇಲ್ಲ ಅಂದಿದ್ದು ಯಾರಮ್ಮಾ?"

ಎದ್ದು ಬಂದೆ. ಸಿಟ್ಟು ಮಗಳ ಮೇಲಲ್ಲ, ಅವಳು ಹೇಳಿದ್ದು ನಿಜ ಅನ್ನುವುದರ ಮೇಲೆ.

ಅಮಾವಾಸ್ಯೆಯ ದಿನ ನಡುಮಧ್ಯಾಹ್ನ ಉಬ್ಬರ ಏರಿತು. ಕಡಲು ಬೂದಿ ಬಣ್ಣಕ್ಕೆ ತಿರುಗಿತ್ತು. ಬಟ್ಟಲು ಬಂತು, ಅಂಗೈಗೆ ಜೇಡಿಮಣ್ಣು ಬಂತು. ಹಾಡುವವನು ಅವತ್ತು ಎಂದಿಗಿಂತ ಉದ್ದ ಮಾತಾಡಿದ. ಮುಂದೊಂದು ದಿನ ಬಾಗಿಲೇ ಬೇಡದ ಊರು ಬರುತ್ತದೆ ಅಂದ. ನೀರು ಹಳ್ಳದ ಬಾಯಿಗೆ ಬಂದಿತ್ತು. ಆಮೇಲೆ 'ಐಸಾ' ಅಂದ. ಜಗ್ಗಿದೆವು. ಬಾಗಿಲು ತಳದಿಂದ ಎದ್ದಿತು. 'ಐಸಾ.' ಅರ್ಧ ಎದ್ದಿತು. 'ಐಸಾ.'

ಹೂವು ಉದುರಿತು. ಮೊದಲು ಹೂವೇ ಉದುರಿದ್ದು. ಆಮೇಲೆ ನನ್ನ ಎರಡು ಕೈಗಳ ನಡುವೆ ಹಗ್ಗ ಹರಿಯಿತು.

ನಾನು ಬಿಡಲಿಲ್ಲ. ಎಡಗೈಯಲ್ಲಿ ಬಾಗಿಲಿನ ಕಡೆಯ ತುಂಡು, ಬಲಗೈಯಲ್ಲಿ ಊರಿನ ಕಡೆಯ ತುಂಡು. ಮುಂದೆ ಮೂರು ಜನ, ಹಿಂದೆ ಮೂವತ್ತಾರು ಜನ, ನಡುವೆ ಹಗ್ಗದ ಬದಲು ನಾನು. ಮೂವತ್ತಾರು ಜನರಲ್ಲಿ ಹತ್ತು ಜನ ಮುಂದೆ ಓಡಿ ಬಂದು ಆ ತುಂಡು ಹಿಡಿದಿದ್ದರೆ ಸಾಕಿತ್ತು. ಮೂರು ಹೆಜ್ಜೆ ದೂರದಲ್ಲಿದ್ದವನು ಒಬ್ಬ ಇಳಿದು ಕೈ ಕೊಟ್ಟು, "ಮುಂದೆ ಬನ್ನಿ" ಅಂದಿದ್ದರೆ ಸಾಕಿತ್ತು.

"ಇಳಿಯೋ! ಇಳಿದು ಹಿಡಿಯೋ!" ಅಂತ ಕಿರುಚಿದೆ.

ಹಾಡುವವನು ನನ್ನನ್ನು ನೋಡಿದ. ಹಗ್ಗ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಮಣ್ಣು ಆಗಷ್ಟೇ ಒಣಗಿತ್ತು.

ಅವನ ಬಾಯಿಗೆ ಬೇರೆ ಏನೂ ತೋಚಲಿಲ್ಲ. "ಐಸಾ," ಅಂದ. ಎಷ್ಟು ಇಂಪಾಗಿ ಅಂದ ಅಂತೀರಿ!

ಅವನು ಅಂದ, ಮೂವತ್ತಾರು ಜನ ಜಗ್ಗಿದರು. ನನ್ನ ತೋಳನ್ನು ಜಗ್ಗಿದರು. "ಜಗ್ಗಬೇಡ್ರೋ, ಹಗ್ಗ ಹರಿದಿದೆ, ಮುಂದೆ ಬನ್ರೋ!" ಅಂತ ಬಾಯಿ ಬಡಿದುಕೊಂಡೆ. ಅವರ ಕಣ್ಣಿಗೆ ಕಾಣುತ್ತಿತ್ತು. ಕುರುಡರಲ್ಲ. ಆದರೆ ನಿಂತ ಜಾಗ ಬಿಡಬಾರದಲ್ಲ, ಕೂಗಿಗೆ ಜಗ್ಗಬೇಕಲ್ಲ! ಅಳುತ್ತಾ ಜಗ್ಗಿದರು ಮುಂಡೇಮಕ್ಕಳು. 'ಐಸಾ.' ಬಲಭುಜ ಕಳಚಿದ ಸದ್ದು ನನಗೇ ಕೇಳಿಸಿತು. ಕಿರುಚಿದೆ. ನನ್ನ ಜನ್ಮದಲ್ಲಿ ಹಾಗೆ ಕಿರುಚಿರಲಿಲ್ಲ.

ಆ ಕಿರುಚು ತಗ್ಗಿನ ಕೇರಿಗೆ ಕೇಳಿತು. ಜಗ್ಗುವ ಹೊತ್ತಿನಲ್ಲಿ ಬಾಗಿಲಿನ ಕಡೆಯಿಂದ ಕೂಗುವವನ ದನಿಯಲ್ಲದೆ ಬೇರೆ ದನಿ ಆ ಕೇರಿಯವರು ಎಂದೂ ಕೇಳಿದವರಲ್ಲ. ಅದೂ ಹೆಂಗಸಿನದು. ಯಾರೂ ಏನೂ ಹೇಳಬೇಕಾಗಲಿಲ್ಲ, ಎದ್ದವರೇ ಓಡಿದರು. ಮಕ್ಕಳನ್ನು ಎತ್ತಿಕೊಂಡು, ಒಲೆಯ ಮೇಲಿನ ಅನ್ನ ಅಲ್ಲೇ ಬಿಟ್ಟು, ಮೇಲಿನ ಕೇರಿಯ ದಿಬ್ಬದ ಕಡೆಗೆ ಓಡಿದರು. ನಾನು ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಮಗಳು ಮಗುವನ್ನು ಸೆರಗಿನಲ್ಲಿ ಬೆನ್ನಿಗೆ ಬಿಗಿದುಕೊಂಡು ದಿಬ್ಬ ಹತ್ತುವುದು ಕಂಡಿತು. ಕಂಡ ಮೇಲೆ ನನ್ನ ಕೈ ಬಿಟ್ಟಿತು.

ಬಾಗಿಲು ಬಿತ್ತು. ಕಡಲು ಒಳಗೆ ಬಂತು. ಅರೆಗಳಿಗೆಯಲ್ಲಿ ತಗ್ಗಿನ ಕೇರಿ ಇರಲಿಲ್ಲ. ಎಲ್ಲರೂ ಬಂದಿದ್ದರು, ಬುಟ್ಟಿ ಹೆಣೆಯುವ ಕುಂಟಿ ಒಬ್ಬಳು ಬಂದಿರಲಿಲ್ಲ. ದಿನಾ ಹೂವಿಗೆ ಬುಟ್ಟಿ ಹೆಣೆದು ಕೊಡುತ್ತಿದ್ದವಳು.

ದಿಬ್ಬದ ಮೇಲೆ ಊರೆಲ್ಲ ನಿಂತಿತ್ತು. ಕೂಗುಗಲ್ಲಿಗೂ ನೀರು ಬಂದಿದ್ದರಿಂದ ಹಾಡುವವನೂ ಅಲ್ಲಿಗೇ ಬಂದಿದ್ದ. ಅವನು ಅಳುತ್ತಿದ್ದ. ಅಳುತ್ತಲೇ, ರೂಢಿಯಂತೆ, ಎರಡೂ ಅಂಗೈ ಎತ್ತಿದ. ಬೆಳ್ಳಗಿದ್ದವು. ಒಂದು ಬಿರುಕಿಲ್ಲ.

"ನನ್ನ ಕೈ ತಾಕಿಲ್ಲ," ಅಂದ. "ನಿಮ್ಮ ಕೈಯೇ ಮಾಡಿತು."

ಮೊದಲ ಬಾರಿಗೆ ನಮಗೆಲ್ಲ ಆ ಮಾತು ಏನು ಅಂತ ಕೇಳಿಸಿತು. ಯಾರೂ ಉತ್ತರ ಹೇಳಲಿಲ್ಲ. ನನ್ನ ಮಗಳು ಅವನ ಮುಂದೆ ಹೋಗಿ ನಿಂತು ಆ ಅಂಗೈಗಳನ್ನೇ ನೋಡಿದಳು, ಉಗಿದಳು, ನನ್ನ ಹತ್ತಿರ ಬಂದು ತೂಗುತ್ತಿದ್ದ ತೋಳನ್ನು ಎತ್ತಿ ಹಿಡಿದಳು.

ನೀರು ಇಳಿದ ಮೇಲೆ ಸಭೆ ಸೇರಿತು. ಬುದ್ಧಿ ಬಂದಿರುತ್ತದೆ ಅಂದುಕೊಂಡಿರಾ? ಎಲ್ಲಿಯ ಬುದ್ಧಿ! ಅರ್ಧ ಊರು ಎದ್ದು, "ಗದರುವವನನ್ನೇ ತನ್ನಿ, ಅವನ ಕಾಲದಲ್ಲಿ ಬಾಗಿಲು ತಪ್ಪಿರಲಿಲ್ಲ" ಅಂದಿತು. ಅವನು ಬಂದೂ ಬಿಟ್ಟ, ಕೋಲೂರಿಕೊಂಡು, ಪಿಸುಗುಟ್ಟುವ ಗಂಟಲಲ್ಲಿ. ಇನ್ನರ್ಧ ಊರು, "ಹಾಡುವವನೇ ಇರಲಿ, ಪಾಪ, ಅವನ ಮನಸ್ಸು ಒಳ್ಳೇದು" ಅಂದಿತು. ಹೆದರಿಕೆ ಬೇಕೋ ಹುರುಪು ಬೇಕೋ, ಹೆದರಿಕೆ ಬೇಕೋ ಹುರುಪು ಬೇಕೋ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ಜಗಳ. ಪಕ್ಕದಲ್ಲಿ ಬಟ್ಟಲಲ್ಲಿ ಜೇಡಿಮಣ್ಣು ಕಲಸಿಟ್ಟಾಗಿತ್ತು, ಯಾರು ಗೆಲ್ಲುತ್ತಾರೋ ಅವರ ಕೈಗೆ.

ನಾನು ತೋಳು ಕಟ್ಟಿಕೊಂಡು ಎದ್ದು ನಿಂತೆ.

"ನಿಮ್ಮಿಬ್ಬರಿಗೂ ಒಂದೇ ಪ್ರಶ್ನೆ," ಅಂದೆ. "ಹಗ್ಗ ಎಲ್ಲಿ ಹರೀತು?"

ಗದರುವವನು ಪಿಸುಗುಟ್ಟಿದ: "ಸೋಮಾರಿಗಳು ನಿಂತ ಕಡೆ."

ಹಾಡುವವನು ತಲೆ ತಗ್ಗಿಸಿದ: "ನಮ್ಮ ನಂಬಿಕೆಯಲ್ಲಿ, ಅಕ್ಕಾ."

"ನಿಮ್ಮ ನಂಬಿಕೆಗೆ ಬೆಂಕಿ ಬೀಳಲಿ!" ಅಂದೆ. "ನಾಲ್ಕನೆಯ ಜಾಗ. ಕಲ್ಲಿನ ಅಂಚು ಕೂರೋ ಗೇಣುದ್ದದ ಜಾಗ. ಒಬ್ಬನಿಗೆ ನನ್ನ ಗಂಡ ಹೇಳಿದರು, ಒಬ್ಬನಿಗೆ ನಾನು ಹೇಳಿದೆ. ಅವನು ಕಟ್ಟಿಸಿ ಕೊಂದ, ನೀನು ಹೂವು ಮುಡಿಸಿ ಕೊಂದೆ. ಇಬ್ಬರಲ್ಲಿ ಒಬ್ಬನಾದರೂ ಮುಟ್ಟಿ ನೋಡಿದ್ನಾ? ಕೈಗೆ ಮಣ್ಣು ಮೆತ್ತಿಕೊಂಡವನಿಗೆ ಹಗ್ಗದ ಸಂಗತಿ ಏನು ಗೊತ್ತು?" ಆಮೇಲೆ ಊರಿನ ಕಡೆ ತಿರುಗಿದೆ. "ನಾನೂ ಹೊರತಲ್ಲ. ಅವತ್ತು ಅಂಗೈ ಮುಚ್ಚಿಕೊಂಡವಳು ನಾನೇ. ನೀವೂ ನನ್ನ ಕೈಯನ್ನೇ ಹಗ್ಗ ಅಂತ ಜಗ್ಗಿದಿರಿ. ನಮಗೆ ಉಗಿಯೋರು ಇನ್ನೂ ಹುಟ್ಟಬೇಕು."

ನನ್ನ ಮಗಳು ಎದ್ದು ಆ ಬಟ್ಟಲನ್ನು ಎತ್ತಿಕೊಂಡಳು. ಒಡೆಯುತ್ತಾಳೆ ಅಂದುಕೊಂಡೆ. ಇಲ್ಲ, ಸೊಂಟಕ್ಕಿಟ್ಟುಕೊಂಡು ಮನೆಗೆ ಹೊತ್ತೊಯ್ದಳು. ಮನೆ ಕೊಚ್ಚಿಹೋದ ಬಾಣಂತಿ ಅವಳು, ಬಿಸಿನೀರು ಕಾಯಿಸಲು ಒಲೆ ಬೇಕಲ್ಲ, ಆ ಮಣ್ಣಲ್ಲಿ ನನ್ನ ಮನೆಯ ಹಿತ್ತಿಲಲ್ಲಿ ಒಲೆ ಹಾಕಿದಳು. ಚೆನ್ನಾಗಿ ಉರಿಯುತ್ತದೆ.

ಇಬ್ಬರೂ ಬೇಡ, ಹಗ್ಗ ಮುಟ್ಟುವವನೇ ಕೂಗಲಿ ಅಂತಾಯಿತು. ಈಗ ಹೊಸ ಹಗ್ಗ. ನಾಲ್ಕನೆಯ ಜಾಗದಲ್ಲಿ ನನ್ನ ಮಗಳು. ಕೂಗುವವನು ಮೊದಲಿನ ಏಳನೆಯವನು, ಕಾಗೆಯ ದನಿ. ಬೆಳಿಗ್ಗೆ ಅವನು ಹಗ್ಗವನ್ನು ಈ ತುದಿಯಿಂದ ಆ ತುದಿವರೆಗೆ ಅಂಗೈಯಲ್ಲಿ ಸವರಿ ನೋಡಬೇಕು. ಆಮೇಲೆ ನಲವತ್ತು ಜನರ ಜೊತೆ ತಾನೂ ಹಿಡಿದು ಕೂಗಬೇಕು. ಉಸಿರು ಸಾಲದಿದ್ದರೆ ಮೆಲ್ಲಗೆ ಕೂಗಲಿ, ನಮಗೆ ಕಿವಿ ಇದೆ.

ಸಂಜೆ ಬಾಗಿಲು ನಿಂತ ಮೇಲೆ ನಾವು ಸಾಲಾಗಿ ಹೋಗುತ್ತೇವೆ, ಅವನ ಅಂಗೈ ನೋಡಲು. ಮುಂದೆ ನಾನಿರುತ್ತೇನೆ. ಉಳಿದ ಒಂದು ಕೈಯಲ್ಲಿ ಅವನ ಬೆರಳು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಗದರುವುದಿಲ್ಲ, ಹಾಡುವುದಿಲ್ಲ. ಮೆತ್ತಗಿದ್ದರೆ 'ಇಳಿ' ಅನ್ನುತ್ತೇನೆ, ಅಷ್ಟೇ.

ಹೋದ ವಾರ ಅವನ ಅಂಗೈ ಚೆನ್ನಾಗಿ ಕೆಂಪಗಿತ್ತು. ಬೆರಳಿನ ಸಂದಿನಲ್ಲಿ ಮಾತ್ರ ನಾರಿನ ಗೀರಿಲ್ಲ. ಉಗುರಿನ ಬುಡದಲ್ಲಿ ಸಣ್ಣ ಕೆಂಪು ಪುಡಿ. ನಾನು ಅವನ ಮುಖ ನೋಡಿದೆ, ಅವನು ನೆಲ ನೋಡಿದ.

"ಏನಪ್ಪಾ ಏಳನೆಯವನೇ," ಅಂದೆ, "ಎಂಟು ವರ್ಷ ಇಟ್ಟಿಗೆಗೆ ಕೈ ಉಜ್ಜಿದವಳ ಮುಂದೇನಾ? ಇಳಿ."